7 ದೇಶ ಬೇಡ, ಒಂದೇ ಸಾಕು: ಅಪ್ಪ-ಅವ್ವನ ಜೊತೆ ಡಚ್ ನಾಡಿಗೆ

ಇವತ್ತಿನ ಮಾತು ಸ್ವಲ್ಪ ದುಬಾರಿ. 3 ಜನ, 10 ದಿನ, ಒಂದೇ ಒಂದು ದೇಶ, ಹತ್ತಿರ ಹತ್ತಿರ 12 ಲಕ್ಷ ರೂಪಾಯಿ. ದೇಶ ನೆದರ್‌ಲ್ಯಾಂಡ್ಸ್. ಹಾಲೆಂಡ್ ಅಂತ ಕರೀತೀವಲ್ಲ, ಅದೇ. ಆದ್ರೆ ಹಾಲೆಂಡ್ ಅನ್ನೋದು ಅಲ್ಲಿನ 12 ಪ್ರಾಂತ್ಯಗಳಲ್ಲಿ ಎರಡರ ಹೆಸರು ಮಾತ್ರ, ಉತ್ತರ ಹಾಲೆಂಡ್ ಮತ್ತು ದಕ್ಷಿಣ ಹಾಲೆಂಡ್. ಇಡೀ ಕರ್ನಾಟಕವನ್ನ ಯಾರಾದ್ರೂ ಮೈಸೂರು ಅಂತ ಕರೆದ್ರೆ ರಾಯಚೂರಿನವರಿಗೆ ಹೇಗಾಗುತ್ತೋ, ಅಲ್ಲಿನ ಬೇರೆ ಪ್ರಾಂತ್ಯದವರಿಗೂ ಹಾಗೇ ಆಗುತ್ತೆ. 2020ರಿಂದ ಅಲ್ಲಿನ ಸರ್ಕಾರ ಕೂಡ ಪ್ರಚಾರದಲ್ಲಿ ನೆದರ್‌ಲ್ಯಾಂಡ್ಸ್ ಅಂತಲೇ ಹೇಳ್ತಿದೆ.

12 ಲಕ್ಷ ಅಂದ ತಕ್ಷಣ ಕೆಲವರು ಸ್ಕಿಪ್ ಬಟನ್ ಮೇಲೆ ಬೆರಳಿಟ್ಟಿರ್ತೀರಿ. ಒಂದು ನಿಮಿಷ ತಡೀರಿ. ನಾನು ಡೆಲ್ಫ್ಟ್‌ನಲ್ಲಿ 2 ವರ್ಷ ಓದಿದವಳು. ಆಗ ನನ್ನ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್, ಒಂದು ರೇನ್‌ಕೋಟ್, ತಿಂಗಳ ಕೊನೆಗೆ ಬರೀ ಬ್ರೆಡ್ಡು. ಘಟಿಕೋತ್ಸವಕ್ಕೆ ಅಪ್ಪ-ಅವ್ವನನ್ನ ಕರೆಸಿಕೊಳ್ಳೋಕೆ ಆಗ್ಲಿಲ್ಲ, ದುಡ್ಡಿರಲಿಲ್ಲ. ಹಾಗಾಗಿ ಆ ದೇಶವನ್ನ ಅತಿ ಕಡಿಮೆ ಖರ್ಚಲ್ಲಿ ಹೇಗೆ ನೋಡೋದು ಅಂತಲೂ ನಂಗೆ ಗೊತ್ತು. ಈಗ ನಾನು, ಅಣ್ಣ ಇಬ್ಬರೂ ದುಡೀತಿದ್ದೀವಿ. ಆದ್ರೆ ಹೋದ ವರ್ಷ ಅಪ್ಪನಿಗೆ ಸ್ಟೆಂಟ್ ಹಾಕಿದ್ರು. ಡಾಕ್ಟರು ಹೇಳಿದ್ದು ಇಷ್ಟೇ: ಪ್ರಯಾಣ ಮಾಡಬಹುದು, ಆದ್ರೆ ಒಂದೇ ಸಲಕ್ಕೆ ಜಾಸ್ತಿ ನಡೆಯೋದು ಬೇಡ, ಮೆಟ್ಟಿಲು ಬೇಡ, ಓಡಾಟದ ಮಧ್ಯೆ ವಿಶ್ರಾಂತಿ ಬೇಕೇ ಬೇಕು. ನಮ್ಮ ಮಟ್ಟಿಗೆ ಐಷಾರಾಮಿ ಅನ್ನೋ ಪದಕ್ಕೆ ಅರ್ಥ ಬಂದಿದ್ದು ಅಲ್ಲಿಂದ. ಬಂಗಾರದ ನಲ್ಲಿ ಇರೋ ಬಾತ್‌ರೂಮ್ ಅಲ್ಲ. ಲಿಫ್ಟ್ ಇರೋ ಹೋಟೆಲ್, ಕಾಲು ಚಾಚೋಕೆ ಜಾಗ ಇರೋ ಸೀಟು, ಮಧ್ಯಾಹ್ನ ಎರಡು ಗಂಟೆ ನಿದ್ದೆ.

ಅಣ್ಣ ತಂದಿದ್ದು ಬೇರೆ ಪ್ಲಾನ್. ಒಬ್ಬ ಏಜೆಂಟ್ ಕೊಟ್ಟ ಪ್ಯಾಕೇಜು: 10 ದಿನದಲ್ಲಿ 7 ದೇಶ, ದಿನಾ ಬೆಳಗ್ಗೆ ಆರೂವರೆಗೆ ಬಸ್ಸಿನ ಮುಂದೆ ಲಗೇಜು, ಊಟಕ್ಕೆ ಪಂಜಾಬಿ ಥಾಲಿ. ನೆದರ್‌ಲ್ಯಾಂಡ್ಸ್‌ಗೆ ಅದರಲ್ಲಿ ಸಿಕ್ಕಿದ್ದು ಒಂದೂವರೆ ದಿನ. ಒಂದು ಹೂದೋಟ, ಒಂದು ದೋಣಿ, ಚೀಸ್ ಅಂಗಡಿ, ಮರದ ಬೂಟಿನ ಮುಂದೆ ಫೋಟೋ. ಆ ಥರದ ಪ್ರವಾಸ ಕೆಟ್ಟದ್ದು ಅಂತ ನಾನು ಹೇಳಲ್ಲ, ಎಷ್ಟೋ ಹಿರಿಯರಿಗೆ ಗುಂಪು, ಗೈಡು ಇದ್ರೇನೇ ಧೈರ್ಯ. ಆದ್ರೆ ನಮ್ಮಪ್ಪ 31 ವರ್ಷ ನೀರಾವರಿ ಇಲಾಖೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆ ಮೇಲೆ ಕೆಲಸ ಮಾಡಿದವರು. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯ್ತಲ್ಲ, ಆ ವಾರ ಅವರು ಟಿವಿ ಮುಂದಿಂದ ಏಳಲಿಲ್ಲ, ಊಟ ಕೂಡ ಅಲ್ಲೇ. ಅಂಥವರನ್ನ ಸಮುದ್ರಕ್ಕೇ ಗೇಟು ಹಾಕಿದ ದೇಶಕ್ಕೆ ಕರ್ಕೊಂಡು ಹೋಗಿ, ಮರದ ಬೂಟು ತೋರಿಸಿ ವಾಪಸ್ ಕರ್ಕೊಂಡು ಬರೋದು ನಂಗೆ ಒಪ್ಪಿಗೆ ಆಗ್ಲಿಲ್ಲ.

ಅದಕ್ಕೇ ಒಂದೇ ದೇಶ, 9 ರಾತ್ರಿ, ಬರೀ 3 ಹೋಟೆಲ್. ದಿನಕ್ಕೆ ಒಂದೇ ಹೊರಗಿನ ಕಾರ್ಯಕ್ರಮ. ದೇಶ ಚಿಕ್ಕದು, ಕರ್ನಾಟಕದ ಕಾಲು ಭಾಗದಷ್ಟೂ ಇಲ್ಲ, ಆದ್ರಿಂದ ಇದು ಸಾಧ್ಯ.

ಸರಿ, ಯಾವಾಗ ಹೋಗೋದು? ಟ್ಯೂಲಿಪ್ ನೋಡ್ಬೇಕು ಅಂದ್ರೆ ಏಪ್ರಿಲ್. ಲಿಸ್ಸೆ ಊರಿನ ಕ್ಯೂಕೆನ್‌ಹಾಫ್ ಹೂದೋಟ ವರ್ಷಕ್ಕೆ ಸುಮಾರು 8 ವಾರ ಮಾತ್ರ ತೆರೆದಿರುತ್ತೆ, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ. 32 ಹೆಕ್ಟೇರ್ ಜಾಗ, ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆಗಳನ್ನ ಕೈಯಲ್ಲಿ ನೆಡ್ತಾರೆ. ಸಾಮಾನ್ಯವಾಗಿ ಏಪ್ರಿಲ್ ಮಧ್ಯದಲ್ಲಿ ಹೂವು ಜೋರು. ಚಳಿ ಜಾಸ್ತಿಯಾದ್ರೆ ಒಂದು ವಾರ ಹಿಂದೆ-ಮುಂದೆ ಆಗುತ್ತೆ, ಅದಕ್ಕೆ ಯಾರೂ ಗ್ಯಾರಂಟಿ ಕೊಡಲ್ಲ.

ಇಲ್ಲಿ ಒಂದು ವಿಷಯ ಹೇಳ್ಲೇಬೇಕು, ಯಾಕಂದ್ರೆ ಇದನ್ನ ಕೇಳಿ ಅವ್ವ ಎರಡು ದಿನ ಬೇಜಾರು ಮಾಡ್ಕೊಂಡ್ಲು. ರೀಲ್ಸ್‌ನಲ್ಲಿ ಕಾಣುತ್ತಲ್ಲ, ಕೆಂಪು, ಹಳದಿ, ನೇರಳೆ ಪಟ್ಟೆ ಪಟ್ಟೆ ಹೊಲಗಳು, ಅವು ತೋಟದ ಹೊರಗಿರೋ ರೈತರ ಹೊಲ. ಅವನ್ನ ಬೆಳೆಯೋದು ಹೂವಿಗಲ್ಲ, ಗೆಡ್ಡೆಗೆ. ಹೂವು ಗಿಡದಲ್ಲೇ ಉಳಿದ್ರೆ ಶಕ್ತಿಯೆಲ್ಲ ಬೀಜಕ್ಕೆ ಹೋಗುತ್ತೆ, ಗೆಡ್ಡೆ ದಪ್ಪ ಆಗಲ್ಲ. ಹಾಗಾಗಿ ಹೂವು ಅರಳಿ, ರೋಗ ಇದೆಯಾ, ಬೇರೆ ಬಣ್ಣ ಬೆರೆತಿದೆಯಾ ಅಂತ ನೋಡಿಕೊಂಡ ಮೇಲೆ ಯಂತ್ರ ಬಿಟ್ಟು ತಲೆಗಳನ್ನೆಲ್ಲ ಕತ್ತರಿಸಿಬಿಡ್ತಾರೆ. ನೀವು ನಿನ್ನೆ ಸಂಜೆ ನೋಡಿದ ಕೆಂಪು ಹೊಲ ಇವತ್ತು ಬೆಳಗ್ಗೆ ಬರೀ ಹಸಿರು. "ಅಯ್ಯ, ಪೂಜಿಗಾದ್ರೂ ಕೊಡಬಾರದಾ" ಅಂದ್ಲು ಅವ್ವ. ಹಾಗಾಗಿ ಹೊಲ ನೋಡೋಕೆ ಒಂದೇ ದಿನ ಇಟ್ಟುಕೋಬೇಡಿ, ಎರಡು ಬೇರೆ ಬೇರೆ ಕಡೆ ಅವಕಾಶ ಇಟ್ಟುಕೊಳ್ಳಿ. ಒಂದು ಲಿಸ್ಸೆ ಸುತ್ತಮುತ್ತ, ಇನ್ನೊಂದು ಉತ್ತರದ ನೋರ್ಡೋಸ್ಟ್‌ಪೋಲ್ಡರ್ ಅನ್ನೋ ಪ್ರದೇಶ. ಅಲ್ಲಿ ಹೊಲಗಳು ಇನ್ನೂ ದೊಡ್ಡವು, ಜನ ಕಡಿಮೆ. ಮತ್ತೆ ದಯವಿಟ್ಟು, ಫೋಟೋಗೋಸ್ಕರ ಹೊಲದೊಳಗೆ ಇಳೀಬೇಡಿ. ನಮ್ಮ ಕಡೆ ಸೂರ್ಯಕಾಂತಿ ಹೊಲದಲ್ಲಿ ಸೆಲ್ಫಿಯವರ ಕಾಟಕ್ಕೆ ರೈತರು ದುಡ್ಡು ಕೇಳೋಕೆ ಶುರು ಮಾಡಿದ್ರಲ್ಲ, ಅಲ್ಲೂ ಅದೇ ಗೋಳು.

ಕ್ಯೂಕೆನ್‌ಹಾಫ್‌ಗೆ ಸಮಯ ನಿಗದಿಯಾದ ಟಿಕೆಟ್ಟನ್ನ ಆನ್‌ಲೈನ್‌ನಲ್ಲೇ ತಗೋಬೇಕು. ನಾನು ಆರಿಸಿದ್ದು ವಾರದ ಮಧ್ಯದ ದಿನ, ಮಧ್ಯಾಹ್ನದ ನಂತರ. ಬಸ್ಸುಗಟ್ಟಲೆ ಬರೋ ಪ್ರವಾಸಿಗಳು ನಾಲ್ಕು ಗಂಟೆ ಹೊತ್ತಿಗೆ ಹೊರಡೋಕೆ ಶುರು ಮಾಡ್ತಾರೆ, ಆಮೇಲೆ ಬೆಳಕೂ ಚೆನ್ನಾಗಿರುತ್ತೆ. ಏಪ್ರಿಲ್‌ನಲ್ಲಿ ಅಲ್ಲಿ ರಾತ್ರಿ ಎಂಟೂವರೆವರೆಗೂ ಬೆಳಕು.

ಈಗ ಎಲ್ಲಿ ಉಳಿಯೋದು. ಎಲ್ರೂ ಆಮ್‌ಸ್ಟರ್‌ಡ್ಯಾಮ್‌ನಿಂದ ಶುರು ಮಾಡ್ತಾರೆ, ನಾನು ಅದನ್ನ ಕೊನೆಗೆ ಹಾಕಿದ್ದೀನಿ. 10 ಗಂಟೆ ವಿಮಾನದಲ್ಲಿ ಕೂತು ಬಂದ ಹಿರಿಯರನ್ನ ನೇರ ಆ ಸೈಕಲ್ಲು, ಟ್ರಾಮು, ಜಾತ್ರೆಯ ಮಧ್ಯೆ ಇಳಿಸಬಾರದು. ಸ್ಕಿಪೋಲ್ ವಿಮಾನ ನಿಲ್ದಾಣದ ಕೆಳಗೇ ರೈಲ್ವೆ ಸ್ಟೇಷನ್ ಇದೆ, ಅರ್ಧ ಗಂಟೆ ಚಿಲ್ಲರೆಯಲ್ಲಿ ದಿ ಹೇಗ್. ಅದು ಸರ್ಕಾರ, ರಾಯಭಾರ ಕಚೇರಿಗಳು, ಅಂತರರಾಷ್ಟ್ರೀಯ ನ್ಯಾಯಾಲಯ ಇರೋ ಊರು. ಅಗಲ ರಸ್ತೆ, ಸಾಲು ಮರ, ಟ್ರಾಮ್ ಹತ್ತಿದ್ರೆ ಸಮುದ್ರ ತೀರ. ಅಲ್ಲಿ 4 ರಾತ್ರಿ. ಆಮೇಲೆ ಸ್ವೊಲ್ಲೆ ಅನ್ನೋ ಹಳೇ ಊರಲ್ಲಿ 2 ರಾತ್ರಿ. ಕೊನೆಗೆ ಆಮ್‌ಸ್ಟರ್‌ಡ್ಯಾಮ್ 3 ರಾತ್ರಿ.

ಒಂದು ತಮಾಷೆ ಏನಂದ್ರೆ, ವಿಮಾನ ಇಳಿಯೋದೇ ಒಂದು ಕೆರೆಯ ತಳಕ್ಕೆ. ಸ್ಕಿಪೋಲ್ ಇರೋ ಜಾಗ ಹಿಂದೆ ಹಾರ್ಲೆಮರ್‌ಮೇರ್ ಅನ್ನೋ ದೊಡ್ಡ ಸರೋವರ. ಬಿರುಗಾಳಿ ಬಂದಾಗೆಲ್ಲ ದಡ ಕಿತ್ತು ತಿಂತಿದ್ದ ನೀರು. 1849ರಿಂದ 1852ರವರೆಗೆ 3 ಉಗಿಯಂತ್ರಗಳು ಹಗಲು-ರಾತ್ರಿ ಪಂಪ್ ಮಾಡಿ ಅದನ್ನ ಖಾಲಿ ಮಾಡಿದವು. ಈಗಲೂ ನಿಲ್ದಾಣ ಸಮುದ್ರ ಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ಕೆಳಗಿದೆ. ಆ ಮೂರರಲ್ಲಿ ಒಂದಾದ ಕ್ರುಕಿಯಸ್ ಪಂಪ್‌ಹೌಸ್ ಮ್ಯೂಸಿಯಂ ಆಗಿ ಉಳಿದಿದೆ. ಕ್ಯೂಕೆನ್‌ಹಾಫ್ ದಿನದ ಬೆಳಗ್ಗೆ ಅಪ್ಪನಿಗೆ ಅದು, ಮಧ್ಯಾಹ್ನ ಅವ್ವನಿಗೆ ಹೂವು, ಎರಡಕ್ಕೂ ಸೇರಿ ಒಂದು ಕಾರು ಮತ್ತು ಡ್ರೈವರ್. ಇದೊಂದೇ ದಿನ ಎರಡು ಜಾಗ, ಆದ್ರೆ ನಡಿಗೆ ಕಡಿಮೆ. ಕಾರು ದುಬಾರಿ, ಡ್ರೈವರ್ ಸಮೇತ ಇಡೀ ದಿನಕ್ಕೆ ನಾನು 50 ಸಾವಿರ ರೂಪಾಯಿ ಎತ್ತಿಟ್ಟಿದ್ದೀನಿ. ಉಳಿದ ಕಡೆಯೆಲ್ಲ ರೈಲು, ಫಸ್ಟ್ ಕ್ಲಾಸ್. ಅಲ್ಲಿ ಫಸ್ಟ್ ಕ್ಲಾಸ್ ಅಂದ್ರೆ ಊಟ ಕೊಡ್ತಾರೆ ಅಂದ್ಕೋಬೇಡಿ. ಅಗಲವಾದ ಸೀಟು, ಸ್ವಲ್ಪ ಶಾಂತಿ, ಅಷ್ಟೇ. ಟಿಕೆಟ್ಟಿಗೆ ಆ್ಯಪ್ ಕೂಡ ಬೇಕಿಲ್ಲ, 2023ರಿಂದ ದೇಶದ ಎಲ್ಲ ರೈಲು, ಬಸ್ಸು, ಟ್ರಾಮಿನಲ್ಲೂ ಟ್ಯಾಪ್ ಮಾಡೋ ಬ್ಯಾಂಕ್ ಕಾರ್ಡು ನಡೆಯುತ್ತೆ. ಆದ್ರೆ ಸುಮ್ನೆ ಟ್ಯಾಪ್ ಮಾಡಿದ್ರೆ ಸೆಕೆಂಡ್ ಕ್ಲಾಸ್ ದರ ಅಂತ ಲೆಕ್ಕ, ಆದ್ರಿಂದ ಫಸ್ಟ್ ಕ್ಲಾಸ್ ಟಿಕೆಟ್ಟನ್ನ ಮೊದಲೇ ತಗೊಳ್ಳೋದು ಕ್ಷೇಮ. ಇಳಿಯುವಾಗಲೂ ಟ್ಯಾಪ್ ಮಾಡೋದು ಮರೀಬೇಡಿ.

ದಿ ಹೇಗ್‌ನಲ್ಲಿ ನಮ್ಮ ದೊಡ್ಡ ಕಾರ್ಯಕ್ರಮ ಮೌರಿಟ್ಸ್‌ಹೌಸ್. ಚಿಕ್ಕ ಮ್ಯೂಸಿಯಂ, ಒಂದು ಮನೆಯಷ್ಟೇ. ಅಲ್ಲಿದೆ ವರ್ಮೀರ್‌ನ 'ಮುತ್ತಿನ ಓಲೆಯ ಹುಡುಗಿ'. 1881ರಲ್ಲಿ ಈ ಚಿತ್ರ ಹರಾಜಿಗೆ ಬಂದಾಗ 2 ಗಿಲ್ಡರ್ ಚಿಲ್ಲರೆಗೆ ಹೋಯ್ತು. ಪ್ಯಾರಿಸ್ಸಿನ ಮೊನಾಲಿಸಾ ಮುಂದೆ ನೂರಾರು ಫೋನುಗಳ ಹಿಂದೆ ನಿಲ್ಲೋ ಹಾಗೆ ಇಲ್ಲಿ ನಿಲ್ಲಬೇಕಾಗಿಲ್ಲ, ಬೆಳಗ್ಗೆ ಬೇಗ ಹೋದ್ರೆ ಹತ್ತಿರದಿಂದಲೇ ನೋಡಬಹುದು. ಅಂದಹಾಗೆ ಆ ಮನೆ ಕಟ್ಟಿಸಿದ್ದು ಯೋಹಾನ್ ಮೌರಿಟ್ಸ್, ಬ್ರೆಜಿಲ್‌ನಲ್ಲಿ ಡಚ್ ವಸಾಹತಿನ ಗವರ್ನರ್ ಆಗಿದ್ದವನು, ಗುಲಾಮರ ವ್ಯಾಪಾರದಲ್ಲಿ ಕೈಯಿದ್ದವನು. ಡಚ್ಚರ ಸುವರ್ಣಯುಗ ಅಂತ ಓದ್ತೀವಲ್ಲ, ಅದರ ಬಂಗಾರ ಎಲ್ಲಿಂದ ಬಂತು ಅನ್ನೋದನ್ನ ಅಲ್ಲಿನವರೇ ಈಗ ಗೋಡೆ ಮೇಲೆ ಬರೆದು ಹೇಳ್ತಿದ್ದಾರೆ. 2023ರ ಜುಲೈ 1ರಂದು ರಾಜ ವಿಲೆಮ್ ಅಲೆಕ್ಸಾಂಡರ್ ಗುಲಾಮಗಿರಿಗಾಗಿ ಕ್ಷಮೆ ಕೇಳಿದ್ರು. ನಮಗೂ ಇದು ತೀರಾ ದೂರದ ಕಥೆ ಅಲ್ಲ. 1602ರಲ್ಲಿ ಹುಟ್ಟಿದ ಅದೇ ಡಚ್ ಈಸ್ಟ್ ಇಂಡಿಯಾ ಕಂಪನಿ 1663ರಲ್ಲಿ ಕೊಚ್ಚಿ ಹಿಡಿದು, ಮಲಬಾರಿನ ಮೆಣಸಿನ ವ್ಯಾಪಾರಕ್ಕೆ ಕೂತಿತ್ತು. ಆ ಚಂದದ ಮನೆಗಳ ಇಟ್ಟಿಗೆಯಲ್ಲಿ ನಮ್ಮ ಕರಾವಳಿಯ ಕಾಳುಮೆಣಸಿನ ಪಾಲೂ ಇದೆ.

ಅಪ್ಪನ ದಿನ ಅಂತ ನಾನು ಕರೆಯೋದು ಮೂರನೇ ದಿನ. ದಿ ಹೇಗ್‌ನಿಂದ ದಕ್ಷಿಣಕ್ಕೆ, ಹುಕ್ ಆಫ್ ಹಾಲೆಂಡ್ ಹತ್ತಿರ ಮೇಸ್‌ಲಾಂಟ್‌ಕೇರಿಂಗ್. ರಾಟರ್‌ಡ್ಯಾಮ್ ಬಂದರಿಗೆ ಹೋಗೋ ಹಡಗಿನ ಕಾಲುವೆಯ ಬಾಯಿಗೆ ಹಾಕಿರೋ ಬಾಗಿಲು. ಎರಡು ಕದ, ಒಂದೊಂದೂ 210 ಮೀಟರ್ ಉದ್ದ, 22 ಮೀಟರ್ ಎತ್ತರ. ಮಾಮೂಲಿ ದಿನ ದಡದಲ್ಲಿ ಸುಮ್ನೆ ಮಲಗಿರ್ತವೆ, ಹಡಗುಗಳು ಓಡಾಡ್ತಿರ್ತವೆ. ಬಿರುಗಾಳಿಗೆ ಸಮುದ್ರ ಉಕ್ಕಿದ್ರೆ ಮುಚ್ಚೋ ತೀರ್ಮಾನ ಮನುಷ್ಯರದಲ್ಲ, ಕಂಪ್ಯೂಟರಿನದು. ಕದಗಳು ತೇಲಿಕೊಂಡು ಮಧ್ಯಕ್ಕೆ ಬರ್ತವೆ, ಒಳಗೆ ನೀರು ತುಂಬಿಸಿಕೊಂಡು ಮುಳುಗಿ ಕೂತ್ಕೋತವೆ. 1997ರಲ್ಲಿ ಕಟ್ಟಿ ಮುಗಿಸಿದ್ದು, 2023ರ ಡಿಸೆಂಬರ್‌ನಲ್ಲಿ ನೀರು ಏರಿದಾಗ ತಾನಾಗಿ ಮುಚ್ಚಿಕೊಂಡಿತ್ತು.

ಯಾಕೆ ಇಷ್ಟೆಲ್ಲ ಕಟ್ಟಿದ್ರು ಅಂದ್ರೆ 1953. ಜನವರಿ 31ರ ರಾತ್ರಿ, ಮಾರನೇ ದಿನ ಭಾನುವಾರ. ಉತ್ತರ ಸಮುದ್ರದ ಬಿರುಗಾಳಿ, ಹುಣ್ಣಿಮೆ ಆಸುಪಾಸಿನ ದೊಡ್ಡ ಉಬ್ಬರ, ಎರಡೂ ಸೇರಿ ನೈಋತ್ಯದ ಒಡ್ಡುಗಳು ಒಡೆದವು. ರಾತ್ರಿ ರೇಡಿಯೋ ಪ್ರಸಾರ ಇರಲಿಲ್ಲ, ಎಚ್ಚರಿಕೆ ಮುಟ್ಟಲಿಲ್ಲ. ಮಲಗಿದ್ದಲ್ಲೇ ಜನ ಹೋದ್ರು, ನೆದರ್‌ಲ್ಯಾಂಡ್ಸ್ ಒಂದರಲ್ಲೇ 1,836 ಮಂದಿ. ಆಮೇಲೆ ಹುಟ್ಟಿದ್ದೇ ಡೆಲ್ಟಾ ಯೋಜನೆ, ಅದರ ಕೊನೆಯ ದೊಡ್ಡ ಕಟ್ಟಡ ಈ ಬಾಗಿಲು. ಇದನ್ನ ಫೋನಿನಲ್ಲಿ ಹೇಳ್ತಿದ್ದಾಗ ಅಪ್ಪ ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ವರ್ಷಕ್ಕ ಎಷ್ಟ್ ಸಲ ಟೆಸ್ಟ್ ಮಾಡ್ತಾರವ್ವಾ ಅದನ್ನ?" ವರ್ಷಕ್ಕೊಮ್ಮೆ, ಬಿರುಗಾಳಿ ಕಾಲಕ್ಕೆ ಮುಂಚೆ, ಜನರೆದುರಿಗೇ ಪೂರ್ತಿ ಮುಚ್ಚಿ ತೆಗೀತಾರೆ. ಅದನ್ನ ನೋಡೋಕೆ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಅಲ್ಲಿವರೆಗೂ "ಅಷ್ಟ್ ರೊಕ್ಕ ಯಾಕ್ ಹಾಳ್ ಮಾಡ್ತೀರಿ, ಅದರಾಗ ಊರಾಗ ಒಂದು ಸೈಟ್ ಬರ್ತಿತ್ತು" ಅಂತಿದ್ದ ಮನುಷ್ಯ ಆವತ್ತಿಂದ ಪಾಸ್‌ಪೋರ್ಟ್ ಎಲ್ಲಿ ಇಟ್ಟಿದ್ದೀನಿ ಅಂತ ಹುಡುಕೋಕೆ ಶುರು ಮಾಡಿದ್ರು.

ಸ್ವೊಲ್ಲೆಯ 2 ರಾತ್ರಿ ಇನ್ನೂ ಮಜಾ. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರಕ್ಕೆ ಸ್ಕೋಕ್‌ಲ್ಯಾಂಡ್. ಅದು ದ್ವೀಪ. ಅಂದ್ರೆ ದ್ವೀಪ ಆಗಿತ್ತು. ಸಮುದ್ರ ಕೊರೆದು ಕೊರೆದು ಬದುಕೋಕೆ ಆಗದೆ 1859ರಲ್ಲಿ ಸರ್ಕಾರ ಜನರನ್ನ ಖಾಲಿ ಮಾಡಿಸಿತು. ಆಮೇಲೆ 1932ರಲ್ಲಿ 32 ಕಿಲೋಮೀಟರ್ ಉದ್ದದ ಅಫ್‌ಸ್ಲೌಟ್‌ಡೈಕ್ ಕಟ್ಟಿ ಸಮುದ್ರದ ಆ ಕೊಲ್ಲಿಯನ್ನೇ ಮುಚ್ಚಿದ್ರು, 1942ರ ಹೊತ್ತಿಗೆ ಸುತ್ತಲಿನ ನೀರನ್ನೆಲ್ಲ ಬಸಿದು ಹಾಕಿದ್ರು. ಈಗ ನೀವು ಗೋಧಿ, ಆಲೂಗಡ್ಡೆ, ಟ್ಯೂಲಿಪ್ ಹೊಲಗಳ ಮಧ್ಯೆ ಕಾರಿನಲ್ಲಿ ಹೋಗ್ತಿದ್ರೆ, ಎದುರಿಗೆ ಸ್ವಲ್ಪ ಎತ್ತರದಲ್ಲಿ ಒಂದು ಚರ್ಚು, ನಾಲ್ಕು ಮನೆ, ಹಳೇ ಬಂದರಿನ ಮರದ ಕಂಬಗಳು ಕಾಣ್ತವೆ. ನೀರಿಲ್ಲದ ಬಂದರು. 1995ರಲ್ಲಿ ಆ ದೇಶದ ಮೊದಲ ವಿಶ್ವ ಪರಂಪರೆ ತಾಣ ಆಗಿದ್ದು ಇದೇ, ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಲ್ಲ. ಕಾಲುವೆಗಳಿಗೆ ಆ ಪಟ್ಟ ಸಿಕ್ಕಿದ್ದು 2010ರಲ್ಲಿ.

ಇನ್ನೊಂದಷ್ಟು ಉತ್ತರಕ್ಕೆ ಹೋದ್ರೆ ಲೆಮ್ಮರ್ ಊರಲ್ಲಿ ವೌಡಾಗೆಮಾಲ್, ಉಗಿಯಿಂದ ನಡೆಯೋ ಪಂಪ್‌ಹೌಸು. 1920ರದ್ದು. ಮ್ಯೂಸಿಯಂ ವಸ್ತು ಅಲ್ಲ, ಮಳೆ ಜಾಸ್ತಿಯಾಗಿ ನೀರು ಏರಿದ್ರೆ ಇವತ್ತಿಗೂ ಬಾಯ್ಲರ್ ಹೊತ್ತಿಸ್ತಾರೆ. ನಿಮಿಷಕ್ಕೆ ಸುಮಾರು 4,000 ಘನ ಮೀಟರ್ ನೀರು ಎತ್ತಿ ಹಾಕುತ್ತೆ. ಅಪ್ಪ ಪೇಪರಿನ ಅಂಚಲ್ಲೇ ಲೆಕ್ಕ ಹಾಕಿ "2,350 ಕ್ಯೂಸೆಕ್ಸ್ ಆತು" ಅಂದ್ರು. ಒಳಗೆ ಹೋಗೋಕೆ ಗೈಡ್ ಜೊತೆ ಭೇಟಿ, ಎಲ್ಲ ದಿನ ಇರಲ್ಲ, ಮೊದಲೇ ದಿನಾಂಕ ನೋಡ್ಕೊಳ್ಳಿ.

ಗೀತ್‌ಹೂರ್ನ್ ಕೂಡ ಇದೇ ಕಡೆ. ರಸ್ತೆ ಬದಲು ಕಾಲುವೆ, ಹುಲ್ಲಿನ ಚಾವಣಿಯ ಮನೆ, ಪ್ರತಿ ಮನೆಗೂ ಒಂದು ಮರದ ಸೇತುವೆ. ಇನ್‌ಸ್ಟಾಗ್ರಾಂನಲ್ಲಿ ನೀವೆಲ್ಲ ನೋಡಿರ್ತೀರಿ. ಮಧ್ಯಾಹ್ನ ಹೋದ್ರೆ ದೋಣಿಗೆ ದೋಣಿ ಡಿಕ್ಕಿ, ಸಿಲ್ಕ್ ಬೋರ್ಡ್ ನೆನಪಾಗುತ್ತೆ. ಬೆಳಗ್ಗೆ ಹತ್ತರೊಳಗೆ ಸದ್ದಿಲ್ಲದ ಬ್ಯಾಟರಿ ದೋಣಿ ತಗೊಂಡು ಹೊರಡಬೇಕು. ಪಕ್ಕದಲ್ಲೇ ಉಳಿದುಕೊಳ್ಳೋದರ ಲಾಭ ಇದೇ.

ಆಮ್‌ಸ್ಟರ್‌ಡ್ಯಾಮಿಗೆ ಬಂದ್ರೆ ದುಡ್ಡಿನ ಮಾತು ಗಂಭೀರ ಆಗುತ್ತೆ. ಕಾಲುವೆ ಪಕ್ಕದ 17ನೇ ಶತಮಾನದ ಮನೆಗಳನ್ನ ಸೇರಿಸಿ ಮಾಡಿದ ಹೋಟೆಲುಗಳಿವೆ. ಹೆರೆನ್‌ಗ್ರಾಖ್ಟ್ ಮೇಲೆ 6 ಮನೆ ಕೂಡಿಸಿದ್ದು ಒಂದು, ಪ್ರಿನ್ಸೆನ್‌ಗ್ರಾಖ್ಟ್ ಮೇಲೆ 25 ಮನೆ ಕೂಡಿಸಿದ್ದು ಇನ್ನೊಂದು. ಆಮ್‌ಸ್ಟೆಲ್ ನದಿಯ ದಡದಲ್ಲಿ 1867ರ ಆಮ್‌ಸ್ಟೆಲ್ ಹೋಟೆಲ್. ಚಂದ ಅಂದ್ರೆ ಚಂದ. ಆದ್ರೆ ಬೆಲೆ ನೋಡುವಾಗ ಎರಡು ತೆರಿಗೆ ನೆನಪಿಡಿ. ನಗರದ ಪ್ರವಾಸಿ ತೆರಿಗೆ ರೂಮ್ ದರದ ಮೇಲೆ ಶೇ 12.5. ಅದರ ಜೊತೆಗೆ 2026ರ ಜನವರಿಯಿಂದ ಇಡೀ ದೇಶದಲ್ಲಿ ಹೋಟೆಲ್ ವಾಸದ ಮೇಲಿನ ವ್ಯಾಟ್ ಶೇ 9ರಿಂದ 21ಕ್ಕೆ ಏರಿದೆ. ಬುಕಿಂಗ್ ಆ್ಯಪಿನ ಮೊದಲ ಪುಟದ ಬೆಲೆಯನ್ನ ನಂಬದೆ ಕೊನೆಯ ಪುಟದವರೆಗೂ ಹೋಗಿ ನೋಡಿ. ಯೂರೋಗೆ 100 ರೂಪಾಯಿ ಅಂತ ಹಿಡಿದ್ರೆ ಲೆಕ್ಕ ಸುಲಭ, ಎದೆ ಬಡಿತ ಜಾಸ್ತಿ.

ಇನ್ನೂ ಮುಖ್ಯವಾದದ್ದು ಮೆಟ್ಟಿಲು. ಆ ಹಳೇ ಮನೆಗಳು ಕಿರಿದು, ಎತ್ತರ. ಒಳಗಿನ ಮೆಟ್ಟಿಲು ನಮ್ಮ ಅಟ್ಟಕ್ಕೆ ಹತ್ತೋ ಏಣಿ ಇದ್ದ ಹಾಗೆ. ಸಾಮಾನು ಒಳಗಿಂದ ಹೋಗಲ್ಲ ಅಂತಲೇ ಮುಂಗೋಡೆಯ ನೆತ್ತಿಯಲ್ಲಿ ಕೊಕ್ಕೆ ಇಟ್ಟು, ಹಗ್ಗದಲ್ಲಿ ಕಿಟಕಿಯಿಂದ ಎಳ್ಕೋತಾರೆ. ಮಂಚ, ಬೀರು ಎಲ್ಲ ಹಾಗೇ. ನೋಡೋಕೆ ಚಂದ, ಸ್ಟೆಂಟ್ ಇದ್ದವರಿಗೆ ಅಲ್ಲ. ಐದು ಸ್ಟಾರ್ ಇರಲಿ, ಮೂರು ಸ್ಟಾರ್ ಇರಲಿ, "ನಮ್ಮ ರೂಮಿನ ಬಾಗಿಲವರೆಗೆ ಲಿಫ್ಟ್ ಬರುತ್ತಾ" ಅಂತ ಮೇಲ್ ಮಾಡಿ ಕೇಳಿ. ಕೆಲವು ಕಡೆ ಲಿಫ್ಟ್ ಇರುತ್ತೆ, ಇಳಿದ ಮೇಲೆ ಇನ್ನೂ ಆರು ಮೆಟ್ಟಿಲು ಇರುತ್ತೆ. ನಾನು 5 ಹೋಟೆಲಿಗೆ ಕೇಳಿದೆ, 2 ಕಡೆಯಿಂದ ಮಾತ್ರ ಪೂರ್ತಿ ಹೌದು ಅನ್ನೋ ಉತ್ತರ ಬಂತು. ಇದೇ ಕಾರಣಕ್ಕೆ ಆನ್ ಫ್ರಾಂಕ್ ಮನೆ ನಮ್ಮ ಪಟ್ಟಿಯಲ್ಲಿ ಇಲ್ಲ. ಆ ಬಚ್ಚಿಟ್ಟುಕೊಂಡಿದ್ದ ಭಾಗಕ್ಕೆ ಕಡಿದಾದ ಮೆಟ್ಟಿಲು ಬಿಟ್ರೆ ಬೇರೆ ದಾರಿ ಇಲ್ಲ. ನೀವು ಹೋಗೋದಾದ್ರೆ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ, ಪ್ರತಿ ಮಂಗಳವಾರ 6 ವಾರ ಮುಂದಿನದ್ದು ಬಿಡುಗಡೆ ಆಗುತ್ತೆ, ಬೇಗ ಖಾಲಿಯಾಗುತ್ತೆ. ತತ್ಕಾಲ್ ಬುಕಿಂಗ್ ಅನುಭವ ಇದ್ದವರಿಗೆ ಕಷ್ಟ ಆಗಲ್ಲ.

ರೈಕ್ಸ್‌ಮ್ಯೂಸಿಯಂನಲ್ಲಿ ಒಂದು ಬೆಳಗ್ಗೆ. ಮೊದಲೇ ಕೇಳಿದ್ರೆ ವೀಲ್‌ಚೇರ್ ಕೊಡ್ತಾರೆ, ಅಪ್ಪ ಬೇಡ ಅಂತಾರೆ, ನಾನು ಕೇಳೇ ಕೇಳ್ತೀನಿ. ಎಲ್ರೂ ಹೋಗೋದು ರೆಂಬ್ರಾಂಟ್‌ನ 1642ರ 'ನೈಟ್ ವಾಚ್' ನೋಡೋಕೆ. 2019ರಿಂದ ಅದನ್ನ ಗಾಜಿನ ಕೋಣೆಯಲ್ಲಿಟ್ಟು, ಜನರ ಕಣ್ಣೆದುರಿಗೇ ಅಧ್ಯಯನ ಮಾಡ್ತಿದ್ದಾರೆ, 2024ರ ನವೆಂಬರ್‌ನಿಂದ ಹಳೇ ವಾರ್ನಿಷ್ ತೆಗೆಯೋ ಕೆಲಸ ಶುರುವಾಗಿದೆ. ನಾನು ಅವ್ವನನ್ನ ನಿಲ್ಲಿಸಬೇಕು ಅಂದ್ಕೊಂಡಿರೋದು ಬೇರೆ ಚಿತ್ರದ ಮುಂದೆ, ವರ್ಮೀರ್‌ನ 'ಹಾಲು ಸುರಿಯುವ ಹೆಣ್ಣು'. ಅಡುಗೆಮನೆ, ಕಿಟಕಿ ಬೆಳಕು, ಗಡಿಗೆಯಿಂದ ಸಣ್ಣಗೆ ಇಳಿಯೋ ಹಾಲು. ಆ ಹೆಂಗಸು ಯಾರ ಕಡೆನೂ ನೋಡಲ್ಲ. 40 ವರ್ಷ ನಸುಕಲ್ಲಿ ಎದ್ದು ಹಾಲು ಕಾಸಿದವಳು ಅದನ್ನ ನೋಡಿ ಏನಂತಾಳೋ ಕೇಳ್ಬೇಕು.

ಊಟದ ಪ್ರಶ್ನೆ ಬರದೆ ಇರುತ್ತಾ. ನಮ್ಮದು ಸಸ್ಯಾಹಾರ. ಡಚ್ಚರ ಮಧ್ಯಾಹ್ನದ ಊಟ ಅಂದ್ರೆ ಬ್ರೆಡ್ಡು, ಚೀಸು, ಮಜ್ಜಿಗೆ. ಹೌದು, ಮಜ್ಜಿಗೆ ಕುಡೀತಾರೆ. ಆದ್ರೆ ಚೀಸಿನ ಬಗ್ಗೆ ಒಂದು ಮಾತು: ಹಳೇ ಪದ್ಧತಿಯ ಎಷ್ಟೋ ಚೀಸುಗಳಿಗೆ ಹಾಲು ಹೆಪ್ಪಾಗಿಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಹಾಕ್ತಾರೆ. ಅದು ಬೇಡ ಅನ್ನೋರು ಸಸ್ಯಾಹಾರಿ ಹೆಪ್ಪಿನ ಚೀಸ್ ಕೇಳಿ ತಗೋಬೇಕು, ಸಿಗುತ್ತೆ. ದಿ ಹೇಗ್‌ನಲ್ಲಿ ನಮ್ಮನ್ನ ಕಾಪಾಡೋದು ಸುರಿನಾಮಿ ಅಂಗಡಿಗಳು. 1873ರಿಂದ ಉತ್ತರ ಭಾರತದ ಕೂಲಿಗಳನ್ನ ಡಚ್ಚರು ದಕ್ಷಿಣ ಅಮೆರಿಕದ ಸುರಿನಾಮಿಗೆ ಸಾಗಿಸಿದ್ರು. 1975ರಲ್ಲಿ ಸುರಿನಾಮ್ ಸ್ವತಂತ್ರ ಆದಾಗ ಅವರ ಮೊಮ್ಮಕ್ಕಳು ಸಾವಿರಗಟ್ಟಲೆ ನೆದರ್‌ಲ್ಯಾಂಡ್ಸ್‌ಗೆ ಬಂದ್ರು, ದಿ ಹೇಗ್‌ನಲ್ಲೇ ಜಾಸ್ತಿ. ಅವರ ರೊಟ್ಟಿ, ಆಲೂಗಡ್ಡೆ ಪಲ್ಯ, ಉದ್ದನೆ ಅಲಸಂದೆಕಾಯಿ ಪಲ್ಯ, ಅದು ನನ್ನ ಓದಿನ ದಿನಗಳ ಹಬ್ಬದೂಟ. ಇನ್ನು ದೊಡ್ಡ ಊಟ ಬೇಕು ಅನ್ನೋರಿಗೆ ನೈಮೆಗನ್ ಊರಲ್ಲಿ ಪೂರ್ತಿ ಸಸ್ಯಾಹಾರದ್ದೇ ಎರಡು ಮಿಶೆಲಿನ್ ಸ್ಟಾರ್ ಹೋಟೆಲ್ ಇದೆ, ಡಿ ನ್ಯೂವೆ ವಿಂಕೆಲ್. ಹೊಸದಾಗಿ ಮದುವೆಯಾದ ಜೋಡಿಗಳು ಹೋಗಿ ಬನ್ನಿ. ಅವ್ವನನ್ನ ಕೂರಿಸಿದ್ರೆ ಮೂರನೇ ಪ್ಲೇಟಿಗೆ "ಅನ್ನ ಯಾವಾಗ ಬರತೈತಿ" ಅಂತಾಳೆ. ಹಾಂ, ಮರೆತಿದ್ದೆ: ಕಾಫಿ ಬೇಕಾದ್ರೆ ಕೆಫೆಗೆ ಹೋಗಿ. ಕಾಫಿಶಾಪ್ ಅಂತ ಬೋರ್ಡ್ ಇದ್ರೆ ಅದು ಗಾಂಜಾ ಅಂಗಡಿ. ಇದನ್ನ ಅಪ್ಪನಿಗೆ ಎರಡು ಸಲ ಹೇಳಿದ್ದೀನಿ.

ಡಚ್ ಸಂಸ್ಕೃತಿ ಅಂದ್ರೆ ಮ್ಯೂಸಿಯಂನಲ್ಲಿ ಮಾತ್ರ ಇಲ್ಲ. ಸಂಜೆ ಆರು ಗಂಟೆಗೆ ಬೀದಿಯಲ್ಲಿ ನಡೀರಿ. ಪರದೆ ಎಳೆಯದ ದೊಡ್ಡ ಕಿಟಕಿಗಳು, ಒಳಗೆ ಇಡೀ ಕುಟುಂಬ ಊಟಕ್ಕೆ ಕೂತಿರುತ್ತೆ. ಮುಚ್ಚಿಡೋದೇನಿದೆ ಅನ್ನೋ ಭಾವ. 'ಸಾಮಾನ್ಯವಾಗಿರು, ಅದೇ ಬೇಕಾದಷ್ಟು ಹುಚ್ಚುತನ' ಅನ್ನೋ ಅರ್ಥದ ಗಾದೆ ಅವರ ಬಾಯಲ್ಲಿ ಸದಾ. ಹಾಗಾಗಿ ಅಲ್ಲಿ ಐಷಾರಾಮ ಕೂಡ ಕೂಗಾಡಲ್ಲ. ಹೋಟೆಲಿನವರು ನಮಸ್ಕಾರ ಹೊಡೆಯಲ್ಲ, ಸರ್, ಮೇಡಂ ಜಾಸ್ತಿ ಇಲ್ಲ, ಆಗಲ್ಲ ಅಂದ್ರೆ ಆಗಲ್ಲ ಅಂತ ಮುಖಕ್ಕೇ ಹೇಳ್ತಾರೆ. ಇಷ್ಟು ದುಡ್ಡು ಕೊಟ್ಟಿದ್ದೀನಿ ಅಂತ ಜೋರು ಮಾಡಿದ್ರೆ ಕೆಲಸ ಆಗೋದು ಇನ್ನೂ ನಿಧಾನ. ರಸ್ತೆಯಲ್ಲಿ ಕೆಂಪು ಡಾಂಬರಿನ ಪಟ್ಟಿ ಇದ್ರೆ ಅದು ಸೈಕಲ್ಲಿನದು, ಫೋಟೋ ತೆಗೆಯೋಕೆ ಅಲ್ಲಿ ನಿಂತ್ರೆ ಗಂಟೆ ಹೊಡೆದು ಬೈದುಕೊಂಡೇ ಹೋಗ್ತಾರೆ. ಹಿರಿಯರ ಜೊತೆ ಹೋಗೋರಿಗೆ ಆ ದೇಶದಲ್ಲಿ ನಾನು ಹೆದರೋ ವಿಷಯ ಇದೊಂದೇ.

ಕೊನೆಗೆ ಕಾಗದ ಪತ್ರ. ಷೆಂಗನ್ ವೀಸಾಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಇಲ್ಲೇ ಜನ ಎಡವೋದು. ವೀಸಾಕ್ಕೆ ಸಾಕಾಗೋ ಅಗ್ಗದ ಪಾಲಿಸಿಯಲ್ಲಿ ಮೊದಲೇ ಇರೋ ಕಾಯಿಲೆಗೆ ಸಾಮಾನ್ಯವಾಗಿ ರಕ್ಷಣೆ ಇರಲ್ಲ. ಸ್ಟೆಂಟ್ ವಿಷಯ ಮುಚ್ಚಿಟ್ಟು ಪಾಲಿಸಿ ತಗೊಂಡು, ಅಲ್ಲಿ ಎದೆ ನೋವು ಬಂದ್ರೆ ಆಸ್ಪತ್ರೆ ಬಿಲ್ ನಿಮ್ಮ ತಲೆ ಮೇಲೆ. ನಾವು ಡಿಸ್ಚಾರ್ಜ್ ಸಮ್ಮರಿ ಸಮೇತ ಎಲ್ಲ ಹೇಳಿ, ಮೂರು ಪಟ್ಟು ಪ್ರೀಮಿಯಂ ಕಟ್ಟಿ, ಹೃದಯದ ತೊಂದರೆಗೂ ರಕ್ಷಣೆ ಇದೆ ಅಂತ ಬರಹದಲ್ಲಿ ತಗೊಂಡಿದ್ದೀವಿ. ಮಾತ್ರೆಗಳು ಕೈಚೀಲದಲ್ಲಿ, ಡಾಕ್ಟರ ಚೀಟಿ ಜೊತೆ, ಅದೂ 10 ದಿನಕ್ಕಲ್ಲ, 20 ದಿನಕ್ಕೆ ಆಗುವಷ್ಟು. ತುರ್ತು ಸಂಖ್ಯೆ 112, ಅಪ್ಪ-ಅವ್ವ ಇಬ್ಬರ ಫೋನಿನಲ್ಲೂ ಹಾಕಿಕೊಟ್ಟಿದ್ದೀನಿ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ವಿಮಾನ 2019ರಲ್ಲೇ ಶುರುವಾಗಿದೆ, ದುಬೈನಲ್ಲಿ ಮಧ್ಯರಾತ್ರಿ ಟರ್ಮಿನಲ್ ಬದಲಾಯಿಸೋ ಅಗತ್ಯ ಇಲ್ಲ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಸಹಾಯ ಕೇಳಿ. ಯುರೋಪಿನ ಹೊಸ ವ್ಯವಸ್ಥೆಯಲ್ಲಿ ಗಡಿಯಲ್ಲಿ ಬೆರಳಚ್ಚು, ಫೋಟೋ ತಗೋತಾರೆ, ಕ್ಯೂ ಉದ್ದ ಇರಬಹುದು.

ಅವ್ವನ ಲಗೇಜ್ ವಿಷಯದಲ್ಲಿ ಇನ್ನೂ ಜಗಳ ಮುಗಿದಿಲ್ಲ. ನಾನು ಓದುವಾಗ ಬಾಡಿಗೆಗಿದ್ದ ಮನೆಯ ಅಜ್ಜಿಗೆ ಧಾರವಾಡ ಪೇಡೆ ಒಯ್ಯಬೇಕಂತೆ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಯುರೋಪಿಗೆ ಒಯ್ಯೋ ಹಾಗಿಲ್ಲ, ಹಸಿ ಕರಿಬೇವೂ ಆಗಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ತೊಂದರೆ ಇಲ್ಲ. ಸದ್ಯಕ್ಕೆ ಶೇಂಗಾ ಚಿಕ್ಕಿಗೆ ಒಪ್ಪಂದ ಆಗಿದೆ. ವೀಸಾ ಅಪಾಯಿಂಟ್‌ಮೆಂಟ್ ಮುಂದಿನ ಗುರುವಾರ ಬೆಳಗ್ಗೆ ಹತ್ತಕ್ಕೆ, ಗಂಗಾವತಿಯಿಂದ ಬುಧವಾರ ರಾತ್ರಿ ಬಸ್ಸಿಗೆ ಇಬ್ಬರೂ ಹೊರಡ್ತಾರೆ. ಏನಾಯ್ತು ಅಂತ ಮುಂದಿನ ಸಂಚಿಕೆಯ ಶುರುವಿನಲ್ಲೇ ಹೇಳ್ತೀನಿ. ನಿಮ್ಮ ಮನೆಯ ಹಿರಿಯರನ್ನ ಕರ್ಕೊಂಡು ಹೊರಡೋ ಪ್ಲಾನ್ ಇದ್ರೆ, ಪ್ರಶ್ನೆಗಳನ್ನ ವಾಯ್ಸ್ ನೋಟ್‌ನಲ್ಲಿ ಕಳಿಸಿ, ಉತ್ತರ ಗೊತ್ತಿರೋದಕ್ಕೆ ಹೇಳ್ತೀನಿ. ಬರ್ಲಾ?